ವಿಚಾರಿಸಿ ಕೊಟ್ಟ ಸರ್ಟಿಫಿಕೇಟು

ನಮ್ಮ ಕಡೆ ವಿಚಾರಿಸದೆ ಏನನ್ನೂ ಕೊಡುವುದಿಲ್ಲ, ವಿಚಾರಿಸದೆ ಏನನ್ನೂ ತರುವುದಿಲ್ಲ. ಹಸು ಕೊಳ್ಳಲು ಬಂದವನು ಹಸುವಿನ ಮುಂದೆ ಐದು ನಿಮಿಷ ನಿಂತರೆ, ಅದರ ಯಜಮಾನನ ಪಕ್ಕದ ಮನೆಯ ಜಗಲಿಯಲ್ಲಿ ಒಂದು ಗಂಟೆ ಕೂರುತ್ತಾನೆ. ಹೆಣ್ಣು ಕೊಡುವವರ ಮಾತಂತೂ ಕೇಳಲೇಬೇಡಿ. ಅವರು ಗಂಡಿನ ಮನೆಗೆ ಬರುವುದಕ್ಕೆ ಎಂಟು ದಿನ ಮುಂಚೆಯೇ ಯಾರಿಗೂ ಹೇಳದೆ ಬಸ್ಸಿಳಿದು, ಟೀ ಅಂಗಡಿಯಲ್ಲಿ ಒಂದು ಮಾತು, ಕ್ಷೌರದ ಅಂಗಡಿಯಲ್ಲಿ ಎರಡು ಮಾತು ಕೇಳಿ, ಕೊನೆಗೆ ಹಾಲಿನ ಡೇರಿಗೆ ಬರುತ್ತಾರೆ. ಡೇರಿಗೇ ಏಕೆಂದರೆ, ಊರಿನ ಒಂದೊಂದು ಮನೆಯ ಗುಣವೂ ಅಲ್ಲಿಗೆ ದಿನಕ್ಕೆ ಎರಡು ಸಲ ಕ್ಯಾನಿನಲ್ಲಿ ಬರುತ್ತದೆ. ಹಾಲಿಗೆ ನೀರು ಬೆರೆಸುವ ಮನೆ ಯಾವುದು, ಬೆರೆಸದ ಮನೆ ಯಾವುದು, ಬೆರೆಸಿಯೂ ಆಣೆ ಇಡುವ ಮನೆ ಯಾವುದು ಎನ್ನುವುದು ಹಾಲು ಪರೀಕ್ಷೆ ಮಾಡುವವನಿಗೆ ಗೊತ್ತಿರುವಷ್ಟು ಗ್ರಾಮದೇವತೆಗೂ ಗೊತ್ತಿರುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದ ಪಕ್ಕದ ನಮ್ಮೂರಿನಲ್ಲಿ ಮೂವತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿರುವವನು ನಾನು. ಹೆಸರು ಚನ್ನಪ್ಪ. ವಯಸ್ಸು ಐವತ್ತಮೂರು. ಮದುವೆಯಾಗಿಲ್ಲ.

ಮದುವೆ ಏಕೆ ಆಗಲಿಲ್ಲ ಎಂದು ನೀವು ಕೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ನನ್ನ ಒಂದು ಮಾತಿನಿಂದ ಊರಿನಲ್ಲಿ ಎಷ್ಟೋ ಮದುವೆಗಳು ಆಗಿವೆ. "ಅವರ ಮನೆ ಹಾಲು ಯಾವತ್ತೂ ನೀರಾಗಿಲ್ಲ" ಎಂದರೆ ಸಾಕು, ಹೆಣ್ಣಿನ ಕಡೆಯವರು ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದರು. ತೊಡಕು ಇದ್ದದ್ದು ಒಂದೇ ಕಡೆ. ನನ್ನ ವಿಚಾರ ಕೇಳಲು ಬಂದವರೂ ನೇರವಾಗಿ ಡೇರಿಗೇ ಬರುತ್ತಿದ್ದರು. ನನಗೆ ಮೂವತ್ತೆರಡು ವರ್ಷವಿದ್ದಾಗ ಮಳವಳ್ಳಿ ಕಡೆಯ ಇಬ್ಬರು ಹಿರಿಯರು ಬಂದು, ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರು ಹಿಡಿದು ನಿಂತಿದ್ದ ನನ್ನನ್ನೇ ಕೇಳಿದರು: "ಇಲ್ಲಿ ಚನ್ನಪ್ಪ ಅಂತ ಅವ್ನಂತಲ್ಲ, ಎಂಗಪ್ಪ ಉಡುಗ?" ನಾನೇ ಚನ್ನಪ್ಪ ಎನ್ನಲು ನಾಚಿಕೆಯಾಯಿತು. ನನ್ನ ಬಗ್ಗೆ ನಾನೇ ಒಳ್ಳೆಯ ಮಾತು ಹೇಳಿಕೊಳ್ಳಲು ಇನ್ನೂ ನಾಚಿಕೆಯಾಯಿತು. ಕಡಿಮೆಯೂ ಅಲ್ಲದ, ಹೆಚ್ಚೂ ಅಲ್ಲದ ಡಿಗ್ರಿಯನ್ನು ಪುಸ್ತಕದಲ್ಲಿ ಬರೆಯುವ ಅಭ್ಯಾಸದಲ್ಲಿ, "ಪರವಾಗಿಲ್ಲ, ಸಾಧಾರಣ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನ ಬಸ್ಸಿಗೆ ವಾಪಸು ಹೋದರು.

ಆ ದಿನ ಅಕ್ಕ ನನಗೆ ಊಟ ಬಡಿಸಿದಳು. ಮುದ್ದೆ ಮುರಿಯುವಾಗ ಒಂದೇ ಸಲ ಬಾಯಿ ಬಿಟ್ಟಳು. "ಊರೋರ್ ಅಸ ಎಮ್ಮೇನೆಲ್ಲ ಒಗಳ್ತೀಯ, ನಿನ್ನ ನೀನು ಸಾದಾರ್ಣ ಅಂತೀಯ. ನೀನೇನ್ ಅಸೀಗಿಂತ ಕಡೇನೇನ್ಲಾ?"

ಅಕ್ಕ ಎಂದರೆ ಜಯಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು, ಬಂದ ದಿನದಿಂದ ನನ್ನನ್ನು ಒಂದು ಮನೆಯವನನ್ನಾಗಿ ಮಾಡಲು ಹೊರಟಳು. ಮಳವಳ್ಳಿಯವರು ಹೋದ ಮರುದಿನವೇ ಅವಳು ವಿಚಾರಣೆಯ ಏರ್ಪಾಟನ್ನೇ ಬದಲಾಯಿಸಿದಳು. ಇನ್ನು ಮುಂದೆ ಚನ್ನಪ್ಪನ ಬಗ್ಗೆ ಯಾರೇ ಕೇಳಿದರೂ ಮಾತಾಡಬೇಕಾದವರು ಪಕ್ಕದ ಮನೆಯ ಪುಟ್ಟತಾಯವ್ವ. ಅವರ ಯಜಮಾನರು ಟೆಲಿಫೋನು ಲೈನ್‌ಮನ್ ಆಗಿದ್ದರಿಂದ ಅವರ ಮನೆಯಲ್ಲಿ ಫೋನಿತ್ತು. ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾದರೂ ಆ ಫೋನು ಇವತ್ತಿಗೂ ಇದೆ, ದಿನಾ ಅದಕ್ಕೆ ಅರಿಶಿನ ಕುಂಕುಮವೂ ಬೀಳುತ್ತದೆ. ಅಕ್ಕ ಒಂದು ವಾರ ಸಂಜೆ ಹೊತ್ತು ಪುಟ್ಟತಾಯವ್ವನನ್ನು ಕೂರಿಸಿಕೊಂಡು ಪಾಠ ಹೇಳಿದಳು. ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು, ಕೊನೆಗೆ ಏನು ಹೇಳಿ ನಿಲ್ಲಿಸಬೇಕು. ನಾನು ಒಳಗೆ ಮಲಗಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅವರಿಬ್ಬರೂ ಹೊಗಳುತ್ತಿದ್ದ ಆ ಹುಡುಗನ ಮೇಲೆ ನನಗೇ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು.

ಅಲ್ಲಿಂದ ಮುಂದೆ ಯಾವ ಕಾಗದಕ್ಕೇ ಆಗಲಿ, ಫೋನು ನಂಬರು ಎಂದು ಇದ್ದ ಕಡೆಯೆಲ್ಲ ಅಕ್ಕ ಪುಟ್ಟತಾಯವ್ವನ ನಂಬರನ್ನೇ ಬರೆದಳು. ಯಾರಾದರೂ ಹೆಣ್ಣಿನ ಕಡೆಯವರು ಎಲ್ಲಿಂದಲಾದರೂ ಅದನ್ನು ಹುಡುಕಿಕೊಳ್ಳಬಹುದು ಎಂಬ ಆಸೆ. ಯಾರೂ ಹುಡುಕಿಕೊಳ್ಳಲಿಲ್ಲ. ಹನಕೆರೆಯಲ್ಲಿ ಒಂದು ಸಲ ಹೆಣ್ಣು ನೋಡಲು ಹೋಗಿದ್ದೆವು. ಕೊಟ್ಟ ಉಪ್ಪಿಟ್ಟನ್ನು ನಾನು ತಲೆ ಎತ್ತದೆ ತಿಂದು ಮುಗಿಸಿದೆ. ಇನ್ನೊಂದು ಸಲ ಬಡಿಸಿದರು, ಅದನ್ನೂ ಮುಗಿಸಿದೆ. ಒಳಗಿನಿಂದ ಹುಡುಗಿಯ ದನಿ ಕೇಳಿಸಿತು: "ಮಾತಾಡಕ್ ಬತ್ತದಾ ಅಂತ ಕೇಳವ್ವ." ಇವತ್ತಿಗೂ ಮಂಡ್ಯಕ್ಕೆ ಹೋಗುವಾಗ ಹನಕೆರೆ ಬಂದರೆ ನಾನು ಬಸ್ಸಿನ ಕಿಟಕಿಯಿಂದ ಆಚೆ ನೋಡುವುದಿಲ್ಲ.

ನಾನು ಹೇಳಲು ಹೊರಟಿದ್ದು ಅಕ್ಕನ ಅಂಗಡಿಯ ವಿಷಯ. ಏಳೆಂಟು ವರ್ಷದ ಹಿಂದೆ, ನನಗೆ ಹೆಣ್ಣು ಹುಡುಕುವುದನ್ನು ಬಾಯಿಬಿಟ್ಟು ಹೇಳದೆ ಕೈಬಿಟ್ಟ ಮೇಲೆ, ಅವಳು ಮದ್ದೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾಗೇಶನ ಹತ್ತಿರ ಹೋಗಿ ಇಂಟರ್‌ನೆಟ್ಟಿನಲ್ಲಿ ಒಂದು ಅಂಗಡಿ ತೆರೆಸಿದಳು. ಬಾಳಕದ ಮೆಣಸಿನಕಾಯಿ, ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಅಕ್ಕಿ ಸಂಡಿಗೆ. ನಾಲ್ಕೇ ಪದಾರ್ಥ. ಒಂದೊಂದರ ಕೆಳಗೂ ಅವಳು ಹೇಳಿದ ಮಾತನ್ನು ನಾಗೇಶ ಹಾಗೆಯೇ ಅಚ್ಚು ಮಾಡಿದ್ದ. ಬಾಳಕದ ಕೆಳಗೆ: "ಖಾರ ಐತೆ. ತಡಿಯಕ್ ಆಗ್ದೋರು ತಗಬ್ಯಾಡಿ. ತಗಂಡ್ ಮೇಲೆ ನನ್ನ ಬೈಬ್ಯಾಡಿ." ಹುರಿಹಿಟ್ಟಿನ ಕೆಳಗೆ: "ಎರಡು ಚಮಚ ಮಜ್ಜಿಗೆಗೆ ಕಲ್ಸಿ ಕುಡೀರಿ. ಮದ್ಯಾನ್ನದ್ ಗಂಟ ಒಟ್ಟೆ ಮಾತಾಡಕ್ಕಿಲ್ಲ." ಹುಚ್ಚೆಳ್ಳು ಪುಡಿಯ ಕೆಳಗೆ: "ಕಪ್ಪಗೈತೆ ಅಂತ ಬ್ಯಾಡ ಅನ್ಬ್ಯಾಡಿ. ಬಣ್ಣ ನೋಡಿ ಬ್ಯಾಡ ಅಂದೋರೆಲ್ಲ ಆಮೇಲೆ ಪಶ್ಚಾತ್ತಾಪ ಪಟ್ಟವ್ರೆ." ಈ ಕೊನೆಯದು ಚಟ್ನಿಪುಡಿಗೆ ಬರೆದದ್ದೋ ನನಗೆ ಬರೆದದ್ದೋ ಎಂದು ನಾನು ಕೇಳಲಿಲ್ಲ. ದೂರದ ಊರುಗಳಲ್ಲಿರುವ ನಮ್ಮ ಕಡೆಯ ಜನ ಪುಡಿಗಿಂತ ಹೆಚ್ಚಾಗಿ ಆ ಬೈಗುಳಕ್ಕಾಗಿಯೇ ಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ.

ಎಂಟು ತಿಂಗಳ ಹಿಂದೆ ಅಕ್ಕ ಹೋದಳು. ಮೂರು ದಿನ ಜ್ವರ, ನಾಲ್ಕನೆಯ ದಿನ ಮಂಡ್ಯದ ಆಸ್ಪತ್ರೆ, ಐದನೆಯ ದಿನ ಇಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಮೊದಲಿಂದಲೂ ನಾನು ಮಾತಿನವನಲ್ಲ, ಮಾತೆಲ್ಲ ಅವಳದೇ ಆಗಿತ್ತು. ಹನ್ನೊಂದರ ಕಾರ್ಯ ಮುಗಿದು ನೆಂಟರು ಹೋದ ಮೇಲೆ, ಮನೆಯಲ್ಲಿ ಅವಳ ಮಾತು ಉಳಿದಿದ್ದದ್ದು ಆ ಅಂಗಡಿಯ ಪುಟದಲ್ಲಿ ಮಾತ್ರ. ದಿನಾ ಸಂಜೆ ಹಾಲು ಅಳೆದು ಬಂದು, ಕಾಲು ತೊಳೆದು, ಮೊಬೈಲಿನಲ್ಲಿ ಆ ನಾಲ್ಕು ಪದಾರ್ಥಗಳ ಕೆಳಗಿನ ಮಾತನ್ನು ಓದುತ್ತಿದ್ದೆ. ಬೈಸಿಕೊಂಡಂತೆ ಆಗುತ್ತಿತ್ತು. ಊಟ ಸೇರುತ್ತಿತ್ತು.

ಒಂದು ಸಂಜೆ ಪುಟ ತೆರೆದರೆ ಅಕ್ಕ ಇಲ್ಲ. ಬದಲಿಗೆ ಒಂದು ದೊಡ್ಡ ಕೆಂಪು ಗುರುತು. ಈ ತಾಣ ಸುರಕ್ಷಿತವಲ್ಲ, ಇಲ್ಲಿರುವವರು ನಿಮ್ಮ ಗುಟ್ಟುಗಳನ್ನು ಕದಿಯಬಹುದು, ಹಿಂದಕ್ಕೆ ಹೋಗಿ ಎಂದು ಬರೆದಿತ್ತು. ನನಗೆ ಕೋಪ ಬಂದಿದ್ದು ಕದಿಯುವ ಮಾತಿಗಲ್ಲ. ಅಕ್ಕ ಕದಿಯುವುದಿಲ್ಲ ಎಂದು ಇಡೀ ಊರಿಗೆ ಗೊತ್ತು. ಕೋಪ ಬಂದದ್ದು ಗುಟ್ಟಿನ ಮಾತಿಗೆ. ಪರರ ಗುಟ್ಟನ್ನು ಅವಳು ಕದಿಯುತ್ತಿರಲಿಲ್ಲ, ಜನವೇ ತಂದು ಕೊಡುತ್ತಿದ್ದರು.

ಮರುದಿನ ಡೇರಿ ಮುಗಿಸಿ ಮದ್ದೂರಿನ ಬಸ್ಸು ಹತ್ತಿದೆ. ನಾಗೇಶ ನೋಡಿದವನೇ, "ಚನ್ನಪ್ಪಣ್ಣ, ಸರ್ಟಿಫಿಕೇಟ್ ಮುಗ್ದೋಗೈತೆ" ಎಂದ. ಅಂಗಡಿ ನಂಬಿಕಸ್ತರದು ಎಂದು ತಿಳಿದವರು ಕೊಡುವ ಒಂದು ಸರ್ಟಿಫಿಕೇಟು ಇರುತ್ತದಂತೆ. ಅದಿದ್ದರೆ ಪುಟದ ಮೇಲೆ ಸಣ್ಣ ಬೀಗದ ಗುರುತು ಬರುತ್ತದೆ, ಇಲ್ಲದಿದ್ದರೆ ಕೆಂಪು. ನಾಗೇಶ ಅಂಗಡಿಗೆ ಹಾಕಿದ್ದು ಮೂರು ತಿಂಗಳಿಗೊಮ್ಮೆ ಮುಗಿಯುವಂಥದ್ದು, ಅಕ್ಕ ತಪ್ಪದೆ ಬಂದು ಮಾಡಿಸಿಕೊಂಡು ಹೋಗುತ್ತಿದ್ದಳಂತೆ. ಆಗ ನನಗೆ ಒಂದು ಹಳೆಯ ಒಗಟು ಬಿಡಿಸಿಕೊಂಡಿತು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಮ್ಮೆ ಅಕ್ಕ "ಮದ್ದೂರು, ಬೀಗ" ಎಂದು ಬರೆದಿರುತ್ತಿದ್ದಳು. ಇವಳಿಗೆ ಬೀಗಗಳು ಬಾಳಿಕೆ ಬರುವುದಿಲ್ಲವಲ್ಲ ಎಂದು ಮರುಗಿ ನಾನು ಒಂದು ಸಲ ಮಂಡ್ಯದಿಂದ ಗಟ್ಟಿ ಹಿತ್ತಾಳೆಯ ಬೀಗವನ್ನು ತಂದುಕೊಟ್ಟಿದ್ದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಅಟ್ಟದ ಬಾಗಿಲಿಗೆ ಹಾಕಿದ್ದಳು. ಅವಳು ಏನೂ ಹೇಳದೆ ಬಿಟ್ಟ ಸಂದರ್ಭ ಅದೊಂದೇ.

"ಈಗೇನ್ ಮಾಡೋದು?" ಎಂದೆ.

"ಎರಡು ನಿಮಿಸದ್ ಕೆಲ್ಸ ಅಣ್ಣ. ಫ್ರೀ ಕೊಡ್ತಾರೆ. ಒತ್ತುದ್ರೆ ಬಂತು."

"ಯಾರೂ ಏನೂ ಕೇಳಲ್ವ?"

"ಇಲ್ಲ. ತಾಣ ನಿಮ್ ಕೈಲೈತೆ ಅಂತ ಕಂಪ್ಯೂಟರೇ ನೋಡ್ಕತದೆ. ನೀವ್ಯಾರು ಎತ್ತ ಅಂತ ಕೇಳಕ್ಕಿಲ್ಲ."

ನಾನು ಅಲ್ಲಿಯೇ ಒಪ್ಪಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷ ಲ್ಯಾಕ್ಟೋಮೀಟರು ಅದ್ದಿದ ಕೈ ಇದು. ಹಾಲನ್ನು ನೋಡದೆ ಡಿಗ್ರಿ ಬರೆದುಕೊಡುವವನ ಡೇರಿಯನ್ನು ಯಾರು ನಂಬುತ್ತಾರೆ? ಅದಲ್ಲದೆ ಹಳೆಯ ಗಿರಾಕಿಗಳು ಒಬ್ಬಿಬ್ಬರು, "ಜಯಮ್ಮನವರು ಇಲ್ಲ ಅಂದ ಮೇಲೆ ಅಂಗಡಿ ಈಗ ಯಾರದು?" ಎಂದು ಬರೆದು ಕೇಳಿದ್ದರು. ಯಾರದೆಂದು ನನಗೂ ಗೊತ್ತಿರಲಿಲ್ಲ. "ವಿಚಾರಿಸಿ ಕೊಡೋದು ಯಾವುದೂ ಇಲ್ವ ನಾಗೇಶ?" ಎಂದೆ. ಇತ್ತು. ಒಂದು ವರ್ಷಕ್ಕೆ ಕೊಡುತ್ತಾರೆ, ಆದರೆ ಅಂಗಡಿ ನಿಜವಾಗಿ ಇದೆಯೇ, ಅರ್ಜಿ ಹಾಕಿದವನು ನಿಜವಾಗಿ ಇದ್ದಾನೆಯೇ ಎಂದು ಕಾಗದ ನೋಡಿ, ಫೋನು ಮಾಡಿ ಕೇಳಿ ಕೊಡುತ್ತಾರೆ. "ಸುಮ್ನೆ ತಾಪತ್ರಯ ಅಣ್ಣ" ಎಂದ. ಅದೇ ಬೇಕು ಎಂದೆ. ಮನಸ್ಸಿನೊಳಗೆ ಒಂದು ಹರಕೆಯಂಥದ್ದನ್ನೂ ಮಾಡಿಕೊಂಡೆ: ವಿಚಾರಿಸಿದವರು ನನ್ನನ್ನು ಒಪ್ಪಿದರೆ ಅಕ್ಕನ ಅಂಗಡಿ ನಡೆಸುತ್ತೇನೆ, ಒಪ್ಪದಿದ್ದರೆ ಮುಚ್ಚಿಬಿಡುತ್ತೇನೆ. ಇನ್ನು ಫ್ರೀ ಗೀ ಎಂದು ಒದ್ದಾಡುವುದಿಲ್ಲ.

ಮೊದಲ ಸಲ ಕೆಡಿಸಿದವನು ನಾನೇ. ಅಂಗಡಿಯ ಹಳೆಯ ಕಾಗದಗಳನ್ನೇ ನೋಡಿ ನಾಗೇಶ ಅರ್ಜಿಯನ್ನು ಅಕ್ಕನ ಹೆಸರಿನಲ್ಲಿ ತುಂಬಿ, ನನ್ನ ಮೊಬೈಲು ನಂಬರು ಹಾಕಿದ್ದ. ಸರ್ಟಿಫಿಕೇಟಿನವರ ಬೆಂಗಳೂರು ಏಜೆಂಟರ ಆಫೀಸಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. "ಸರ್, ಜಯಮ್ಮ ಅವರು ಇದ್ದಾರಾ?"

"ಇಲ್ಲ."

"ಯಾವಾಗ ಸಿಗ್ತಾರೆ ಸರ್?"

ಇದಕ್ಕೆ ಏನು ಉತ್ತರ ಹೇಳಬೇಕು? "ಇನ್ನು ಸಿಗಲ್ಲಮ್ಮ" ಎಂದು ಫೋನು ಇಟ್ಟೆ. ಮೂರು ದಿನ ಬಿಟ್ಟು ನಾಗೇಶನಿಗೆ ಪತ್ರ ಬಂತು. ಅರ್ಜಿದಾರರು ಸಂಪರ್ಕಕ್ಕೆ ಸಿಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅವನು ಅದನ್ನು ಓದಿ ಹೇಳಿದಾಗ, ನನಗೂ ಅಕ್ಕ ಹೋದಾಗಿನಿಂದ ಅದೇ ತೊಂದರೆ ಎಂದುಕೊಂಡೆ. ಹೊರಗೆ ಮಾತ್ರ, "ಈಗೇನ್ ಮಾಡೋದು?" ಎಂದೆ.

ತಿರಸ್ಕಾರವಾದದ್ದು ಅಕ್ಕನ ಹೆಸರಿನ ಅರ್ಜಿ, ನನ್ನದಲ್ಲ, ಹಾಗಾಗಿ ಹರಕೆ ಇನ್ನೂ ಉಳಿದಿತ್ತು. ಅಂಗಡಿಯ ಕಾಗದವನ್ನು ನನ್ನ ಹೆಸರಿಗೆ ಮಾಡಿಸಬೇಕಾಯಿತು. ಅದಕ್ಕೆ ಅಕ್ಕನ ಮರಣದ ಸರ್ಟಿಫಿಕೇಟು, ನಾನು ಅವಳ ತಮ್ಮ ಎನ್ನುವ ಸರ್ಟಿಫಿಕೇಟು, ನಾನು ಬದುಕಿರುವುದಕ್ಕೆ ನಾನೇ. ಮಂಡ್ಯಕ್ಕೆ ನಾಲ್ಕು ಸಲ ಓಡಾಡಿದೆ, ಅಂದರೆ ಹನಕೆರೆಯನ್ನು ಎಂಟು ಸಲ ನೋಡದೆ ದಾಟಿದೆ. ಅಲ್ಲಿನ ಆಫೀಸಿನ ಕೌಂಟರಿನಲ್ಲಿದ್ದ ಹೆಂಗಸು ಅಕ್ಕನ ಹೆಸರಿನ ಮೇಲೆ ಗೆರೆ ಎಳೆದು ನನ್ನ ಹೆಸರು ಬರೆಯುವಾಗ ಒಂದು ಗಳಿಗೆ ಪೆನ್ನು ನಿಲ್ಲಿಸಿ, "ಅಕ್ಕಾನಾ?" ಎಂದರು. ಹೌದು ಎಂದೆ. "ಗೆರೆ ಸಣ್ಣಗೇ ಎಳೀತೀನಿ, ಹೆಸರು ಕಾಣ್ಲಿ" ಎಂದರು. ನನ್ನ ಜೀವನದಲ್ಲಿ ಯಾವ ಕೌಂಟರಿನಲ್ಲಿಯೂ ಅಷ್ಟು ಒಳ್ಳೆಯ ಮಾತನ್ನು ನಾನು ಕೇಳಿಲ್ಲ.

ನನ್ನ ಹೆಸರಿನಲ್ಲಿ ಎರಡನೆಯ ಅರ್ಜಿ ಹೋಯಿತು. ಈ ಸಲ ಒಂದು ಹೊಸ ಷರತ್ತು ಇತ್ತು. ನಾವು ಕೊಟ್ಟ ನಂಬರಿಗೆ ಅವರು ಫೋನು ಮಾಡುವುದಿಲ್ಲ. ಇಂಟರ್‌ನೆಟ್ಟಿನ ಅಂಗಡಿಗಳ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಮೊದಲೇ ಇರುವ ನಂಬರಿಗೆ ಮಾತ್ರ ಮಾಡುತ್ತಾರೆ. ಅಲ್ಲಿ ಇರುವುದು ನನ್ನ ನಂಬರೇ ಇರಬೇಕು ಎಂದುಕೊಂಡು ನಾನೂ ನೋಡಲಿಲ್ಲ, ನಾಗೇಶನೂ ನೋಡಲಿಲ್ಲ. ನಾನು ಮೊಬೈಲನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಹಾಲು ಅಳೆಯುವಾಗಲೂ ಎದೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಡೇರಿಯವರು ನನಗೆ ಎದೆನೋವು ಎಂದು ಮಾತಾಡಿಕೊಂಡರು.

ಐದನೆಯ ದಿನ ಸಂಜೆ, ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು ಇದ್ದಾಗ, ಪುಟ್ಟತಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದರು. ಅವರಿಗೆ ಈಗ ಎಪ್ಪತ್ತೆರಡು. ಅವರು ಓಡಿದ್ದನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ.

"ಲೇ ಚನ್ನಪ್ಪ! ನಿನ್ನ ಕೇಳ್ಕಂಡು ಪೋನ್ ಬಂದಿತ್ತು ಕಣ್ಲಾ! ಬೆಂಗ್ಳೂರಿಂದ! ಎಣ್ಣಿನ್ ಕಡೆಯೋರು!"

ಸಾಲು ಮುರಿಯಿತು. ಎಲ್ಲರ ಕಣ್ಣೂ ಹಾಲಿನಿಂದ ನನ್ನ ಮೇಲೆ ಬಿತ್ತು. ಮುಂದೆ ನಿಂತಿದ್ದ ಕುಳ್ಳೇಗೌಡ, ನನ್ನ ಓರಗೆಯವನು, ಕ್ಯಾನು ಕೆಳಗಿಟ್ಟು, "ಅದ್ಕೇ ಎದೆ ಇಡ್ಕಂಡ್ ನಿಂತಿದ್ದೇನ್ಲಾ ಐದ್ ದಿನದಿಂದ?" ಎಂದ.

"ಏನ್ ಕೇಳುದ್ರವ್ವ?" ಎಂದು ಹೇಗೋ ಕೇಳಿದೆ.

"ಎಲ್ಲಾನೂ ಕೇಳುದ್ಲು ಕಣ್ಲಾ ಆ ಉಡುಗಿ. ಚನ್ನಪ್ಪ ಅನ್ನೋರು ಅಲ್ಲೇ ಅವ್ರಾ ಅಂದ್ಲು. ಉಟ್ದಾಗಿಂದ ಇಲ್ಲೇ ಅವ್ನೆ, ಇನ್ನೆಲ್ಗ್ ಓದಾನು ಅಂದೆ. ಮನೆ ಸ್ವಂತುದ್ದಾ ಅಂದ್ಲು. ಸ್ವಂತುದ್ದು, ಇಂದ್ಗಡೆ ತೆಂಗಿನ್ ಮರ ಎಲ್ಡವೆ ಅಂದೆ. ಅವ್ರಿಗೆ ಅದಿಕಾರ ಐತಾ ಅಂದ್ಲು. ಮನೇಗ್ ಅವ್ನೇ ಯಜಮಾನ, ಅವ್ನ್ಗಿಲ್ದ ಅದಿಕಾರ ಇನ್ಯಾರ್ಗವ್ವ ಅಂದೆ. ಆಮೇಲೆ ನಿಮ್ಮಕ್ಕ ಯೋಳ್ಕೊಟ್ಟಿದ್ದುನ್ನ ಒಂದೂ ಬುಡ್ದಂಗೆ ಯೋಳ್ದೆ. ಕುಡಿಯಾಕಿಲ್ಲ. ಬೀಡಿ ಸೇದಾಕಿಲ್ಲ. ಬಾಯ್ ಸತ್ತೋನು, ಎದುರ್ ಮಾತಾಡಾಕಿಲ್ಲ. ಸಂಬಳದ್ ಕೆಲ್ಸ. ವಯಸ್ಸು ಮೂವತ್ತೆರಡು."

"ಮೂವತ್ತೆರಡಾ?" ಎಂದ ಕುಳ್ಳೇಗೌಡ. "ಅಂಗಾರೆ ಅವ್ನ್ ಜೊತೇಲಿ ಓದಿದ್ ನಾನು ಮೊಮ್ಮಕ್ಳು ಕಂಡಿದ್ ಎಂಗೆ?"

"ನೀನ್ ಸುಮ್ಕಿರ್ಲಾ, ನೀರ್ ಆಲಿನೋನೆ" ಎಂದರು ಪುಟ್ಟತಾಯವ್ವ. ಅಕ್ಕ ಹೇಳಿಕೊಟ್ಟ ದಿನ ನನಗೆ ಮೂವತ್ತೆರಡಾಗಿತ್ತು. ಪಾಠವನ್ನು ಆಮೇಲೆ ಯಾರೂ ತಿದ್ದಿರಲಿಲ್ಲ.

"ಅತ್ತೆ ಕಾಟ ಇಲ್ಲ ಅಂದೆ" ಎಂದು ಪುಟ್ಟತಾಯವ್ವ ಮುಂದುವರಿಸಿದರು. ಅಲ್ಲಿ ಅವರ ದನಿ ಸಣ್ಣಗಾಯಿತು. "ಅದಾದ್ ಮೇಲೆ ಕಡೇ ಮಾತು ಒಂದಿತ್ತಲ್ಲ. ನಾದ್ನಿ ಒಬ್ಳವ್ಳೆ, ಚಿನ್ನದಂತೋಳು, ಬಂದ್ ಎಣ್ಣ ಮಗಳಂಗ್ ನೋಡ್ಕತಾಳೆ. ಅದುನ್ನ ಯೋಳಕ್ ಬಾಯ್ ತಗುದ್ರೆ ಬರ್ನಿಲ್ಲ ಕಣ್ಲಾ ಮಗ. ಅವ್ಳೆ ಅಂದ್ರೆ ಸುಳ್ಳಾಯ್ತದೆ."

ಅಕ್ಕನನ್ನು ಚಿನ್ನ ಎಂದು ಹೇಳಿಕೊಟ್ಟವಳು ಅಕ್ಕನೇ ಎಂದು ನನಗೆ ಗೊತ್ತಿತ್ತು. ಒಳಗೆ ಮಲಗಿ ಕೇಳಿಸಿಕೊಂಡವನು ನಾನು, ಆಗ ಮಗ್ಗುಲು ತಿರುಗಿ ನಕ್ಕಿದ್ದೆ. ಈಗ ಡೇರಿಯಲ್ಲಿ ಯಾರೂ ನಗಲಿಲ್ಲ. ಕುಳ್ಳೇಗೌಡ ಕ್ಯಾನಿನ ಮುಚ್ಚಳವನ್ನು ತೆಗೆದು ಹಾಕಿದ, ಮತ್ತೆ ತೆಗೆದ.

"ಆಮೇಲೆ ಏನ್ ಹೇಳ್ದೆ ಅವ್ವ?"

"ಇದ್ಲು ಕಣವ್ವ, ಈಗಿಲ್ಲ ಅಂದೆ. ಅವ್ಳು ಬಾಳ್ಸಿದ್ ಮನೆ ಬಾಗ್ಲು ಆಕ್ಬಾರ್ದು, ಯೋಚ್ನೆ ಮಾಡ್ದಂಗ್ ಒಪ್ಕಂಬುಡಿ ಅಂದೆ. ಆ ಉಡುಗಿ ಆಗ್ಲಿ ಅಮ್ಮ ಅಂದ್ಲು. ನೀನ್ ಯಾರ ಪೈಕಿನವ್ವ, ಒಂದ್ಸಲ ಬಂದ್ ನೋಡ್ಕಂಡ್ ಓಗಿ ಅಂದೆ. ಇಟ್ಬುಟ್ಲು. ನಾಚ್ಕೆ ಇರ್ಬೇಕು."

ಈಗ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಇದು ಸರ್ಟಿಫಿಕೇಟಿನವರ ಫೋನು ಎಂದು ನಿಮಗೆ ಆಗಲೇ ಗೊತ್ತಾಗಿದೆ. ನನಗೆ ಗೊತ್ತಾಗಲಿಲ್ಲ. ಮನೆಗೆ ಹೋದೆ. ಅಂದು ಭಾನುವಾರವಲ್ಲದಿದ್ದರೂ ಗಡ್ಡ ಹೆರೆದೆ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡೆ. ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು, ಮಡಿಕೆ ಬಿಡಿಸಿ, ಮತ್ತೆ ಇಟ್ಟೆ. ಅಕ್ಕ ಹೋಗಿ ವರ್ಷ ಕೂಡ ಆಗಿಲ್ಲ, ಇದೇನು ಬುದ್ಧಿ ಎಂದು ಅವಳ ಫೋಟೋದ ಮುಂದೆ ನಿಂತೆ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರೆ ಒಂದು ಸಲಕ್ಕೇ ನಿಲ್ಲಿಸಬೇಕು ಎಂದು ತೀರ್ಮಾನ ಮಾಡಿದೆ. ಮಾತಾಡಲು ಎರಡು ವಾಕ್ಯಗಳನ್ನು ಯೋಚಿಸಿ, ಬಾಯಿಬಿಟ್ಟು ಹೇಳಿಯೂ ನೋಡಿದೆ. ಒಂದು ಮಳೆಯ ವಿಷಯ, ಇನ್ನೊಂದು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ವಿಷಯ. ಬೆಂಗಳೂರಿನವರಿಗೆ ಹಕ್ಕಿ ಎಂದರೆ ಇಷ್ಟವಂತೆ.

ಮರುದಿನ ಮಧ್ಯಾಹ್ನ ನನ್ನ ಮೊಬೈಲು ಹೊಡೆಯಿತು. ಹಿಂದೆ ಅಕ್ಕನನ್ನು ಕೇಳಿದ್ದ ಅದೇ ಹೆಣ್ಣುಮಗಳ ದನಿ. "ಚನ್ನಪ್ಪ ಅವರಾ ಸರ್? ನಿಮ್ಮ ಅಂಗಡಿ ಸರ್ಟಿಫಿಕೇಟ್ ವಿಷಯ. ನಿನ್ನೆ ಪಟ್ಟಿಯಲ್ಲಿದ್ದ ನಂಬರಿಗೆ ಮಾಡಿದ್ದೆ. ಅಲ್ಲಿ ಒಬ್ಬರು ಅಮ್ಮ ಮಾತಾಡಿದ್ರು."

ಪಟ್ಟಿಗೂ ಅಕ್ಕ ಕೊಟ್ಟಿದ್ದು ಪುಟ್ಟತಾಯವ್ವನ ನಂಬರನ್ನೇ. ಎರಡು ಗಳಿಗೆಯಲ್ಲಿ ಬೆಂಗಳೂರಿನ ಹೆಣ್ಣಿನ ಕಡೆಯವರು, ಉಪ್ಪಿಟ್ಟು, ಹಕ್ಕಿಗಳು ಎಲ್ಲವೂ ಹಾರಿಹೋದವು. ಅದರ ಹಿಂದೆಯೇ ಹೆದರಿಕೆ: ಪುಟ್ಟತಾಯವ್ವನ ಮಾತು ಕೇಳಿದ ಮೇಲೆ ಯಾವ ಆಫೀಸು ಅಂಗಡಿಯನ್ನು ಒಪ್ಪೀತು? ಅಕ್ಕನ ಅಂಗಡಿ ಮುಚ್ಚಿತು ಎಂದುಕೊಂಡೆ.

"ಒಂದೇ ಒಂದು ಡೌಟು ಸರ್" ಎಂದಳು. "ಅವರು ನಿಮ್ಮ ವಯಸ್ಸು ಮೂವತ್ತೆರಡು ಅಂದ್ರು. ನೀವು ಕಳಿಸಿದ ಕಾಗದದಲ್ಲಿ ಐವತ್ತಮೂರು ಇದೆ."

"ಅದು ಹಳೇ ಲೆಕ್ಕ ಕಣಮ್ಮ" ಎಂದೆ. "ನಮ್ಮಕ್ಕ ಹೇಳಿಕೊಟ್ಟದ್ದು."

"ಜಯಮ್ಮನವರಾ?"

"ಹೌದು."

ಅವಳು ಕಾಗದ ಮಗುಚಿದ ಸದ್ದು ಕೇಳಿಸಿತು. "ನಮ್ಮ ಫಾರಮ್ಮಿನಲ್ಲಿ ವಯಸ್ಸಿನ ಕಾಲಮ್ ಇಲ್ಲ ಸರ್. ನೀವು ಅಲ್ಲೇ ಇದ್ದೀರಾ, ಅಂಗಡಿ ನಿಮ್ಮದಾ, ನಿಮಗೆ ಅಧಿಕಾರ ಇದೆಯಾ, ಅಷ್ಟೇ. ಮೂರಕ್ಕೂ ಹೌದು ಅಂತ ಬರೆದಿದ್ದೀನಿ. ಇಷ್ಟು ವರ್ಷದಲ್ಲಿ ಯಾರ ಬಗ್ಗೆಯೂ ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ." ಫೋನು ಇಡುವ ಮುಂಚೆ ತಡೆದು ಕೇಳಿದಳು: "ಆ ಬಾಳಕ ನಿಜವಾಗ್ಲೂ ಅಷ್ಟು ಖಾರನಾ ಸರ್?"

"ಪರವಾಗಿಲ್ಲ, ಸಾಧಾರಣ" ಎಂದೆ. ಅಭ್ಯಾಸ ಹೋಗುವುದಿಲ್ಲ.

ಸಂಜೆ ನಾಗೇಶ ಫೋನು ಮಾಡಿ, "ಬಂತು ಅಣ್ಣ, ನೋಡಿ" ಎಂದ. ತೆರೆದೆ. ಕೆಂಪು ಇರಲಿಲ್ಲ. ಮೂಲೆಯಲ್ಲಿ ಎಳ್ಳಿನ ಕಾಳಿನಷ್ಟು ಬೀಗ, ಕೆಳಗೆ ಅಕ್ಕ. ಖಾರ ಐತೆ. ತಡಿಯಕ್ ಆಗ್ದೋರು ತಗಬ್ಯಾಡಿ.

ಪುಟ್ಟತಾಯವ್ವನಿಗೆ ನಿಜ ಹೇಳಬೇಕಲ್ಲ. ಅವರ ಜಗಲಿಗೆ ಹೋಗಿ ಕುಳಿತು, ಅದು ಹೆಣ್ಣಿನ ಕಡೆಯವರಲ್ಲ, ಅಂಗಡಿ ನಂಬಿಕಸ್ತರದೋ ಅಲ್ಲವೋ ಎಂದು ವಿಚಾರಿಸಿ ಕಾಗದ ಕೊಡುವವರು ಎಂದು ನಿಧಾನವಾಗಿ ತಿಳಿಸಿ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು.

"ನಿನ್ ವಿಚಾರ ಕೇಳುದ್ರು ತಾನೆ?"

"ಹೌದು."

"ನಾನ್ ಯೋಳ್ದೆ. ಅವ್ರು ಒಪ್ಕಂಡ್ರು ತಾನೆ?"

"ಹೌದು."

"ಕಾಗ್ದ ಕೊಟ್ರು ತಾನೆ? ಇನ್ನೇನ್ಲಾ ಬೇಕು ನಿಂಗೆ? ನಿಮ್ಮಕ್ಕ ಇದ್ದಿದ್ರೆ ಈವತ್ತು ಒಬ್ಬಟ್ಟು ಮಾಡೋಳು."

ಯೋಚಿಸಿ ನೋಡಿದರೆ ಅವರ ಮಾತೇ ಸರಿ. ಇಪ್ಪತ್ತು ವರ್ಷ ಅಕ್ಕ ಕಾದಿದ್ದ ಫೋನು ಬಂದಿತ್ತು. ಬಂದಾಗ ಅವಳಿರಲಿಲ್ಲ, ಅಷ್ಟೇ. ನಾನು ಏಳುವಾಗ, ಆ ಕಾಗದ ಒಂದೇ ವರ್ಷಕ್ಕೆ, ಮುಂದಿನ ವರ್ಷ ಮತ್ತೆ ಫೋನು ಮಾಡಿ ವಿಚಾರಿಸುತ್ತಾರೆ ಎಂದೂ ಹೇಳಿದೆ.

ಪುಟ್ಟತಾಯವ್ವ ಸುಲಿಯುವುದನ್ನು ನಿಲ್ಲಿಸಿ, ಪಾಠ ಹೇಳಿಸಿಕೊಳ್ಳುವವರಂತೆ ನೆಟ್ಟಗೆ ಕುಳಿತರು. "ಅಂಗಾರೆ ಈಗ್ಲೇ ಯೋಳ್ಬುಡು. ಬರೋ ವರ್ಸ ಕೇಳುದ್ರೆ ವಯಸ್ಸು ಎಷ್ಟು ಅಂತ ಯೋಳ್ಲಿ?"

ನಾನು ಮೂವತ್ತು ವರ್ಷದಿಂದ ಇದ್ದ ಡಿಗ್ರಿಯನ್ನು ಇದ್ದ ಹಾಗೆಯೇ ಬರೆದವನು. ನೆಂಟರೆಂದು ಒಂದು ಗೆರೆ ಮೇಲೆ ಹಾಕಿದವನಲ್ಲ, ಆಗದವರೆಂದು ಒಂದು ಗೆರೆ ಕೆಳಗೆ ಹಾಕಿದವನಲ್ಲ. ಆದರೂ ಸ್ವಲ್ಪ ಹೊತ್ತು ನಿಂತು ಯೋಚಿಸಿದೆ.

"ಮೂವತ್ತೆರಡೇ ಇರಲಿ ಬಿಡವ್ವ" ಎಂದೆ.

ನಾನು ಹಾಲಿಗೆ ನೀರು ಬೆರೆಸಿದ್ದು ಅದೊಂದೇ ಸಲ.